ಏವಿಯೇಷನ್ ಕೋರ್ಸ್: ಫೀಸು ಕಟ್ಟುವ ಮೊದಲು ಲೆಕ್ಕ ಹಾಕಿ

ಪ್ಲಸ್ ಟು, ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಕಾಸರಗೋಡು, ಮಂಗಳೂರು ಭಾಗದಲ್ಲಿ ಏವಿಯೇಷನ್ ಕೋರ್ಸುಗಳ ಜಾಹೀರಾತು ಜೋರಾಗುತ್ತದೆ. ಬಜ್ಪೆ ಮತ್ತು ಕರಿಪುರದ ಜೊತೆಗೆ 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣವೂ ಶುರುವಾಯಿತು. ಗಲ್ಫ್‌ನಲ್ಲಿ ಬಂಧುಗಳಿಲ್ಲದ ಮನೆ ನಮ್ಮ ಕಡೆ ಕಡಿಮೆ. ಹಾಗಾಗಿ ಏರ್‌ಪೋರ್ಟ್ ಕೆಲಸದ ಆಸೆ ಸಹಜ. ಆದರೆ ಫೀಸು ಕಟ್ಟುವುದು ಹೆಚ್ಚಿನ ಸಲ ಉಮ್ಮನ ಚಿನ್ನ ಅಡವಿಟ್ಟು, ಇಲ್ಲವೇ ಗಲ್ಫ್‌ನಲ್ಲಿರುವ ಅಣ್ಣನ ಉಳಿತಾಯದಿಂದ. ಆ ಹಣ ವಾಪಸ್ ಬರುತ್ತದೆಯೇ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಸರ್ಟಿಫಿಕೇಟ್ ಮೂರು ಬಗೆ

ಒಂದನೆಯದು ಸರ್ಕಾರದ ಲೈಸೆನ್ಸ್. ಪೈಲಟ್ ಮತ್ತು ವಿಮಾನ ನಿರ್ವಹಣಾ ಇಂಜಿನಿಯರ್‌ಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಇದನ್ನು ಕೊಡುತ್ತದೆ. ಇದಿಲ್ಲದೆ ಆ ಕೆಲಸ ಮಾಡುವಂತೆಯೇ ಇಲ್ಲ.

ಎರಡನೆಯದು ಈ ಉದ್ಯಮದಲ್ಲಿ ಮಾನ್ಯತೆಯಿರುವ ಸರ್ಟಿಫಿಕೇಟ್. ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಎಟಿಎ ಕೊಡುವ ಟಿಕೆಟಿಂಗ್, ಕಾರ್ಗೋ, ಅಪಾಯಕಾರಿ ಸರಕು ಸಾಗಣೆಯ ಸರ್ಟಿಫಿಕೇಟ್‌ಗಳು ಈ ಗುಂಪಿನವು. ಇವು ಇದ್ದರೆ ಆಯ್ಕೆಯಲ್ಲಿ ಆದ್ಯತೆ ಸಿಗಬಹುದು. ಹೆಚ್ಚಿನ ಹುದ್ದೆಗಳಿಗೆ ಕಡ್ಡಾಯವಲ್ಲ.

ಮೂರನೆಯದು ಖಾಸಗಿ ಸಂಸ್ಥೆ ತನ್ನದೇ ಹೆಸರಲ್ಲಿ ಕೊಡುವ ಡಿಪ್ಲೊಮಾ. ಬೀದಿಯ ಬ್ಯಾನರ್‌ಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ. ಕಂಪನಿಯ ಕಣ್ಣಿನಲ್ಲಿ ಇದಕ್ಕೆ ಬೆಲೆ ಇರಬಹುದು, ಇಲ್ಲದೆಯೂ ಇರಬಹುದು.

ಗ್ರೌಂಡ್ ಸ್ಟಾಫ್, ಕ್ಯಾಬಿನ್ ಕ್ರೂ

ಚೆಕ್-ಇನ್ ಕೌಂಟರ್, ಬ್ಯಾಗೇಜ್, ರ‍್ಯಾಂಪ್, ಕಾರ್ಗೋ ಕೆಲಸಗಳಿಗೆ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಗಳು ಜನ ತೆಗೆದುಕೊಳ್ಳುತ್ತವೆ. ಸರ್ಕಾರಿ ಸ್ವಾಮ್ಯದ ಎಐ ಏರ್‌ಪೋರ್ಟ್ ಸರ್ವಿಸಸ್ ತನ್ನ ನೇಮಕಾತಿ ಪ್ರಕಟಣೆಗಳಲ್ಲಿ ಹ್ಯಾಂಡಿಮ್ಯಾನ್ ಹುದ್ದೆಗೆ ಹತ್ತನೇ ತರಗತಿ, ಕಸ್ಟಮರ್ ಸರ್ವಿಸ್ ಎಕ್ಸಿಕ್ಯೂಟಿವ್‌ಗೆ ಪದವಿ ಕೇಳುತ್ತದೆ. ರ‍್ಯಾಂಪ್ ಡ್ರೈವರ್‌ಗೆ ಹತ್ತನೇ ತರಗತಿಯ ಜೊತೆ ಹೆವಿ ವಾಹನ ಲೈಸೆನ್ಸ್ ಬೇಕು. ಐಎಟಿಎ ಡಿಪ್ಲೊಮಾ ಇದ್ದವರಿಗೆ ಆದ್ಯತೆ ಎನ್ನುತ್ತದೆ, ಅಷ್ಟೇ. ಕೆಲಸವೂ ನಿಗದಿತ ಅವಧಿಯ ಗುತ್ತಿಗೆಯದ್ದು. ಹಾಗಾಗಿ ಕೆಲವರಿಗೆ ಆರು ತಿಂಗಳ ಡಿಪ್ಲೊಮಾಕ್ಕಿಂತ ಹೆವಿ ಲೈಸೆನ್ಸ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕ್ಯಾಬಿನ್ ಕ್ರೂ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಸುರಕ್ಷತಾ ತರಬೇತಿಯನ್ನು ಕೊಡುವುದು ಆಯ್ಕೆ ಮಾಡಿಕೊಂಡ ಏರ್‌ಲೈನೇ. ಹೊರಗಿನ ಡಿಪ್ಲೊಮಾ ಇದ್ದರೂ ಆ ತರಬೇತಿ ತಪ್ಪುವುದಿಲ್ಲ. ಹೊರಗಿನ ಸಂಸ್ಥೆ ಕಲಿಸಬಹುದಾದದ್ದು ಇಂಗ್ಲಿಷ್ ಮಾತು, ಸಂದರ್ಶನದ ತಯಾರಿ, ನಡೆನುಡಿ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಒಳ್ಳೆಯ ಸ್ಪೋಕನ್ ಇಂಗ್ಲಿಷ್ ತರಗತಿಗೆ ಲಕ್ಷ ರೂಪಾಯಿ ಬೇಕಾಗಿಲ್ಲ.

ಇನ್ನೊಂದು ಮಾತು. ಅಪಾಯಕಾರಿ ಸರಕು ಸರ್ಟಿಫಿಕೇಟ್‌ನ ಅವಧಿ 24 ತಿಂಗಳು ಮಾತ್ರ. ಕೆಲಸ ಕೈಯಲ್ಲಿಲ್ಲದೆ ಮಾಡಿಟ್ಟರೆ ಅದು ಫೈಲಿನಲ್ಲೇ ಅವಧಿ ಮುಗಿಸುತ್ತದೆ.

ಲೆಕ್ಕ ಹೀಗೆ ಹಾಕಿ

ಒಂದು ಉದಾಹರಣೆ ನೋಡೋಣ. ಫೀಸು 90,000 ರೂ. ಆರು ತಿಂಗಳ ಹಾಸ್ಟೆಲ್ ಮತ್ತು ಊಟ 48,000 ರೂ. ಯೂನಿಫಾರ್ಮ್, ಪರೀಕ್ಷೆ, ಓಡಾಟ 12,000 ರೂ. ಒಟ್ಟು ಒಂದೂವರೆ ಲಕ್ಷ. ಕೆಲಸ ಸಿಕ್ಕಿ ಕೈಗೆ 18,000 ಬಂದು, ರೂಮು, ಊಟ, ಬಸ್ಸಿಗೆ 11,000 ಹೋದರೆ ಉಳಿಯುವುದು 7,000. ಹಾಕಿದ ಹಣ ವಾಪಸ್ ಬರಲು 21 ತಿಂಗಳಿಗೂ ಹೆಚ್ಚು ಬೇಕು. ಆ ಆರು ತಿಂಗಳು ಅಂಗಡಿಯಲ್ಲಿ ತಿಂಗಳಿಗೆ 12,000ಕ್ಕೆ ದುಡಿಯಬಹುದಿತ್ತು ಎಂದಾದರೆ ಇನ್ನೂ 72,000 ಸೇರಿಸಬೇಕು. ಆಗ 32 ತಿಂಗಳು.

ಆದರೆ ಇದೂ ಪೂರ್ತಿ ಲೆಕ್ಕವಲ್ಲ. ಅದೇ ಕೆಲಸ ಕೋರ್ಸ್ ಇಲ್ಲದೆ, ನೇರ ವಾಕ್-ಇನ್ ಸಂದರ್ಶನದಲ್ಲಿ ಸಿಗುವಂತಿದ್ದರೆ ಕೋರ್ಸಿನಿಂದ ಬಂದ ಲಾಭ ಸೊನ್ನೆ. ಕೋರ್ಸ್ ಮಾಡಿದವರಿಗೆ ತಿಂಗಳಿಗೆ 2,000 ಹೆಚ್ಚು ಸಿಕ್ಕರೂ ಒಂದೂವರೆ ಲಕ್ಷ ತೀರಲು 75 ತಿಂಗಳು, ಅಂದರೆ ಆರು ವರ್ಷ ದಾಟುತ್ತದೆ. ಕೇಳಬೇಕಾದ ಪ್ರಶ್ನೆ 'ಸಂಬಳ ಎಷ್ಟು' ಅಲ್ಲ, 'ಈ ಕೋರ್ಸಿನಿಂದ ಹೆಚ್ಚು ಸಿಗುವುದು ಎಷ್ಟು' ಎಂಬುದು. ಹಾಗಾಗಿ ಮೊದಲು ಎರಡು ಮೂರು ವಾಕ್-ಇನ್‌ಗಳಿಗೆ ಹೋಗಿ ನೋಡುವುದೇ ಲೇಸು. ಎಲ್ಲಿ ಎಡವುತ್ತೇವೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಎಎಂಇ: ನಿಧಾನ, ಆದರೆ ಗಟ್ಟಿ

ವಿಮಾನ ನಿರ್ವಹಣಾ ಇಂಜಿನಿಯರಿಂಗ್‌ಗೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು. ಸಂಸ್ಥೆಗೆ ಡಿಜಿಸಿಎಯ ಸಿಎಆರ್-147 ಮಾನ್ಯತೆ ಇರಲೇಬೇಕು. ಮಾನ್ಯತೆ ಪಡೆದವರ ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲಿದೆ. ಖರ್ಚು ಹಲವು ಲಕ್ಷ. ಕೋರ್ಸ್ ಮುಗಿಸಿದ ಮಾತ್ರಕ್ಕೆ ಲೈಸೆನ್ಸ್ ಸಿಗದು. ಪ್ರತಿ ಮಾಡ್ಯೂಲ್‌ನಲ್ಲಿ ಶೇ. 75 ಅಂಕ ಮತ್ತು ನಿರ್ವಹಣಾ ಅನುಭವ ಎರಡೂ ಬೇಕು. ಪರೀಕ್ಷೆ ಬಾಕಿ ಉಳಿಸಿಕೊಂಡವರಿಗೆ ಟೆಕ್ನಿಷಿಯನ್ ಅಥವಾ ಹೆಲ್ಪರ್ ಕೆಲಸವೇ ಗತಿ. ಲೈಸೆನ್ಸ್ ಪಡೆದು, ನಿರ್ದಿಷ್ಟ ವಿಮಾನದ ರೇಟಿಂಗ್ ಗಳಿಸಿದವರಿಗೆ ಇಲ್ಲೂ ಗಲ್ಫ್‌ನಲ್ಲೂ ಒಳ್ಳೆಯ ಬೇಡಿಕೆ ಇದೆ.

ಪೈಲಟ್: ಮೊದಲು ಮೆಡಿಕಲ್

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 18 ವರ್ಷ, 12ನೇ ತರಗತಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಮತ್ತು 200 ಗಂಟೆಗಳ ಹಾರಾಟ ಬೇಕು. ಒಟ್ಟು ಖರ್ಚು ಸುಮಾರು 40ರಿಂದ 60 ಲಕ್ಷ. ಅದರ ಮೇಲೆ ಏರ್‌ಬಸ್ ಅಥವಾ ಬೋಯಿಂಗ್ ಟೈಪ್ ರೇಟಿಂಗ್‌ಗೆ ಇನ್ನೂ ಹದಿನೈದಿಪ್ಪತ್ತು ಲಕ್ಷ. ಇಷ್ಟಾದರೂ ಕೆಲಸಕ್ಕಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೂ ಬೀದಿಗೆ ಬಂದರು. ಜಾಗ ಮಾರಿ ಓದಿಸುವ ಮನೆಯವರು ಇದನ್ನು ಮರೆಯಬಾರದು. ಫೀಸು ಕಟ್ಟುವ ಮೊದಲೇ ಕ್ಲಾಸ್ 2, ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿಸಿಕೊಳ್ಳಿ. ಬಣ್ಣ ಗುರುತಿಸುವ ದೋಷವೊಂದೇ ಈ ದಾರಿ ಮುಚ್ಚಬಹುದು.

ಕೋರ್ಸ್ ಬೇಡದ ದಾರಿ

ಏರ್ ಟ್ರಾಫಿಕ್ ಕಂಟ್ರೋಲರ್ ಹುದ್ದೆಗೆ ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ಪರೀಕ್ಷೆ ನಡೆಸುತ್ತದೆ. ಫಿಸಿಕ್ಸ್ ಮತ್ತು ಮ್ಯಾಥ್ಸ್ ಇರುವ ಬಿಎಸ್ಸಿ ಅಥವಾ ಇಂಜಿನಿಯರಿಂಗ್ ಪದವಿ ಸಾಕು. ಸಾಮಾನ್ಯ ವರ್ಗಕ್ಕೆ ಗರಿಷ್ಠ ವಯಸ್ಸು 27. ಜೂನಿಯರ್ ಎಕ್ಸಿಕ್ಯೂಟಿವ್ ವೇತನ ಶ್ರೇಣಿ 40,000ದಿಂದ ಶುರು. ತರಬೇತಿಯನ್ನು ಅಥಾರಿಟಿಯೇ ಕೊಡುತ್ತದೆ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲೋ ಮಂಗಳೂರಿನಲ್ಲೋ ಬಿಎಸ್ಸಿ ಓದುವವರು ಈ ಪರೀಕ್ಷೆಯ ಮೇಲೆ ಕಣ್ಣಿಡಬೇಕು.

ಗಲ್ಫ್ ಆಸೆಯಿದ್ದರೆ

'ಕೋರ್ಸ್ ಮುಗಿದ ಕೂಡಲೇ ದುಬೈ' ಎನ್ನುವವರಿಗೆ ವಿದೇಶಾಂಗ ಇಲಾಖೆಯ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂ. ಮತ್ತು ಜಿಎಸ್‌ಟಿ. ಪ್ಲಸ್ ಟು ಕೇರಳದಲ್ಲಿ, ಡಿಗ್ರಿ ಕರ್ನಾಟಕದಲ್ಲಿ ಮಾಡಿದ ಗಡಿಭಾಗದ ಮಕ್ಕಳು ಪ್ರಮಾಣಪತ್ರಗಳ ದೃಢೀಕರಣಕ್ಕೆ ಎರಡೂ ರಾಜ್ಯಗಳಲ್ಲಿ ಓಡಾಡಬೇಕಾಗುತ್ತದೆ. ಆ ಸಮಯ, ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಸೇರುವ ಮೊದಲು ಕೇಳಿ

* ಸರ್ಟಿಫಿಕೇಟ್ ಕೊಡುವವರು ಯಾರು? ಡಿಜಿಸಿಎ, ಐಎಟಿಎ, ವಿಶ್ವವಿದ್ಯಾಲಯ, ಅಥವಾ ಸಂಸ್ಥೆಯೇ?
* ಹಿಂದಿನ ಬ್ಯಾಚಿನಲ್ಲಿ ಸೇರಿದವರೆಷ್ಟು, ಕೆಲಸ ಸಿಕ್ಕಿದವರೆಷ್ಟು? ಅವರಲ್ಲಿ ಮೂವರ ಜೊತೆ ಮಾತಾಡಬಹುದೇ?
* ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್? ಬಡ್ಡಿಯಿಲ್ಲದ ಕಂತು ಉಂಟೇ?
* 'ಜಾಬ್ ಗ್ಯಾರಂಟಿ' ಎಂಬುದನ್ನು ಲೆಟರ್‌ಹೆಡ್‌ನಲ್ಲಿ ಬರೆದು ಕೊಡುತ್ತಾರೆಯೇ?

ಏರ್‌ಪೋರ್ಟ್ ಪ್ರವೇಶ ಪಾಸ್‌ಗೆ ಹಿನ್ನೆಲೆ ಪರಿಶೀಲನೆ ಕಡ್ಡಾಯ. ಪೊಲೀಸ್ ಕೇಸ್ ಬಾಕಿ ಇದ್ದವರು ಮೊದಲು ವಕೀಲರ ಬಳಿ ವಿಚಾರಿಸಲಿ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆಯಲ್ಲಿ ಬಿಟ್ಟು ಬರಬಾರದು, ರಶೀದಿಯಿಲ್ಲದೆ ಹಣ ಕೊಡಬಾರದು. ಮೋಸ ಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಗ ಕೇಳುವ ಮೊದಲ ದಾಖಲೆಯೂ ಆ ರಶೀದಿಯೇ.