ಜಾನ್ ಅಬ್ರಹಾಂ

ಜಾನ್ ಅಬ್ರಹಾಂ: 1937-87. ಮಲಯಾಳಂ ಮತ್ತು ತಮಿಳು ಚಿತ್ರಗಳ ನಿರ್ದೇಶಕ, ಚಿತ್ರಕಥೆಗಾರ. ಹಿಂದಿ ಚಿತ್ರಗಳ ಇದೇ ಹೆಸರಿನ ನಟ ಬೇರೆ. ಇವರು ಮುಗಿಸಿದ ಕಥಾಚಿತ್ರಗಳು ನಾಲ್ಕೇ. ಆದರೂ ಪ್ರೇಕ್ಷಕರಿಂದ ಮುಂಚಿತವಾಗಿಯೇ ಹಣ ಕೂಡಿಸಿ ಚಿತ್ರ ತೆಗೆದು, ಅದನ್ನು ಮತ್ತೆ ಅವರ ಊರುಗಳಿಗೇ ಕೊಂಡೊಯ್ದ ಪ್ರಯೋಗದಿಂದಾಗಿ ಭಾರತದ ಸ್ವತಂತ್ರ ಸಿನಿಮಾದ ಚರಿತ್ರೆಯಲ್ಲಿ ಇವರಿಗೆ ಪ್ರತ್ಯೇಕ ಸ್ಥಾನವಿದೆ.

ಜೀವನ

ಕೇರಳದ ಕುಟ್ಟನಾಡು ಪ್ರದೇಶದ ಸಿರಿಯನ್ ಕ್ರೈಸ್ತ ಕುಟುಂಬದಲ್ಲಿ 1937ರ ಆಗಸ್ಟ್ 11ರಂದು ಜನನ. ಪದವಿಯ ನಂತರ ಕೆಲಕಾಲ ಬಳ್ಳಾರಿಯಲ್ಲಿ ಜೀವ ವಿಮಾ ನಿಗಮದ ನೌಕರರಾಗಿದ್ದರು. ಆ ಕೆಲಸ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಋತ್ವಿಕ್ ಘಟಕ್ ಇವರ ಗುರು. ಶಿಕ್ಷಣ ಮುಗಿದ ಮೇಲೆ ಮಣಿ ಕೌಲ್ ಅವರ 'ಉಸ್ಕಿ ರೋಟಿ' (1969) ಚಿತ್ರಕ್ಕೆ ಸಹಾಯಕರಾಗಿ ದುಡಿದರು. 1987ರ ಮೇ 31ರಂದು ಕೋಝಿಕ್ಕೋಡಿನಲ್ಲಿ ಕಟ್ಟಡವೊಂದರಿಂದ ಬಿದ್ದು ನಿಧನರಾದರು.

ಮೊದಲ ಮೂರು ಚಿತ್ರಗಳು

'ವಿದ್ಯಾರ್ಥಿಗಳೇ ಇತಿಲೇ ಇತಿಲೇ' (1972) ಶಾಲಾ ಮಕ್ಕಳನ್ನು ಕುರಿತದ್ದು. ಜನಪ್ರಿಯ ಚಿತ್ರಗಳ ಚೌಕಟ್ಟಿನೊಳಗೇ ಇರುವ ಕೃತಿ.

ತಮಿಳಿನ 'ಅಗ್ರಹಾರತ್ತಿಲ್ ಕಳುದೈ' (1977) ಇವರಿಗೆ ಹೆಸರು ತಂದ ಚಿತ್ರ. ಚಿತ್ರಕಥೆ ವಿಮರ್ಶಕ ವೆಂಕಟ್ ಸ್ವಾಮಿನಾಥನ್ ಅವರದು. ಪ್ರಾಧ್ಯಾಪಕನೊಬ್ಬ ತಾಯಿಯಿಲ್ಲದ ಕತ್ತೆಮರಿಯನ್ನು ತನ್ನ ಅಗ್ರಹಾರಕ್ಕೆ ತರುತ್ತಾನೆ. ಊರವರು ಅದನ್ನು ಕೊಲ್ಲುತ್ತಾರೆ, ಆಮೇಲೆ ಅದನ್ನೇ ಪೂಜಿಸತೊಡಗುತ್ತಾರೆ. ಪ್ರಾಧ್ಯಾಪಕನ ಪಾತ್ರದಲ್ಲಿ ಸಂಗೀತ ನಿರ್ದೇಶಕ ಎಂ. ಬಿ. ಶ್ರೀನಿವಾಸನ್ ನಟಿಸಿದ್ದಾರೆ. ಇದು ಅತ್ಯುತ್ತಮ ತಮಿಳು ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು. ಆದರೂ ಆಕ್ಷೇಪಗಳು ಎದ್ದದ್ದರಿಂದ ದೂರದರ್ಶನದಲ್ಲಿ ಇದರ ಪ್ರಸಾರ ರದ್ದಾಯಿತು.

'ಚೆರಿಯಾಚ್ಚಂಟೆ ಕ್ರೂರಕೃತ್ಯಂಗಳ್' (1979) ಜಾನ್ ಅವರ ಹುಟ್ಟುನೆಲವಾದ ಕುಟ್ಟನಾಡಿನ ಚಿತ್ರ. ಕೂಲಿಕಾರರ ಮೇಲೆ ನಡೆದ ಹಿಂಸೆಯನ್ನು ಕಣ್ಣಾರೆ ಕಂಡ ಜಮೀನ್ದಾರನೊಬ್ಬ ಪಾಪಪ್ರಜ್ಞೆಯಿಂದ ಬುದ್ಧಿಭ್ರಮಣೆಗೆ ಒಳಗಾಗುತ್ತಾನೆ. ಹಾಸ್ಯನಟರೆಂದೇ ಪ್ರಸಿದ್ಧರಾಗಿದ್ದ ಅಡೂರ್ ಭಾಸಿ ಈ ಪಾತ್ರಕ್ಕೆ ಕೇರಳ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು.

ಒಡೆಸ್ಸಾ ಮತ್ತು 'ಅಮ್ಮ ಅರಿಯಾನ್'

ಪ್ರೇಕ್ಷಕರ ಹಣದಿಂದಲೇ ಚಿತ್ರ ತೆಗೆದ ಜಾನ್ ಅವರ ಪ್ರಯೋಗದ ಮಹತ್ವ ತಿಳಿಯಬೇಕಾದರೆ ಆ ಕಾಲದ ಹಣಕಾಸಿನ ವ್ಯವಸ್ಥೆಯನ್ನು ನೋಡಬೇಕು. ಹಂಚಿಕೆದಾರ ಕೊಡುವ ಮುಂಗಡವೇ ವ್ಯಾಪಾರಿ ಚಿತ್ರದ ಬಂಡವಾಳ. ಹೆಸರಾಂತ ತಾರೆಯಿಲ್ಲದಿದ್ದರೆ ಅದು ಸಿಗುವುದು ಕಷ್ಟ. ಹೊಸ ಅಲೆಯ ನಿರ್ದೇಶಕರು ಬೇರೆ ದಾರಿಗಳನ್ನು ಹಿಡಿದರು. ಕನ್ನಡದ 'ಸಂಸ್ಕಾರ'ಕ್ಕೆ (1970) ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರೇ ನಿರ್ಮಾಪಕರೂ ಆದರು. ಅಡೂರ್ ಗೋಪಾಲಕೃಷ್ಣನ್ ಅವರ 'ಸ್ವಯಂವರಂ' (1972) ಚಿತ್ರವನ್ನು ಚಿತ್ರಲೇಖಾ ಸಹಕಾರ ಸಂಘ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಸಾಲದ ನೆರವಿನಿಂದ ತಯಾರಿಸಿತು. ಆದರೆ ಸಾಲವೆಂದ ಮೇಲೆ ತೀರಿಸಲೇಬೇಕು. ತೀರಿಸಲು ಮತ್ತೆ ಚಿತ್ರಮಂದಿರವನ್ನೇ ನೆಚ್ಚಬೇಕು. ಜಾನ್ ಬಿಡಿಸಹೊರಟದ್ದು ಈ ಗಂಟನ್ನು.

1984ರಲ್ಲಿ ಇವರೂ ಗೆಳೆಯರೂ ಸೇರಿ 'ಒಡೆಸ್ಸಾ' ಎಂಬ ಕೂಟ ಕಟ್ಟಿದರು. ಐಸೆನ್‌ಸ್ಟೈನರ 'ಬ್ಯಾಟಲ್‌ಷಿಪ್ ಪೊಟೆಮ್ಕಿನ್' ಚಿತ್ರದಿಂದ ಪ್ರಸಿದ್ಧವಾದ ಬಂದರು ನಗರದ ಹೆಸರು ಅದು. ಕೂಟದವರು ಊರೂರು ತಿರುಗಿ ಚಾಪ್ಲಿನ್ನರ 'ದಿ ಕಿಡ್' ತೋರಿಸಿದರು, ಬೀದಿನಾಟಕ ಆಡಿದರು, ಜನ ಕೊಟ್ಟಷ್ಟು ಚಿಲ್ಲರೆ ಹಣವನ್ನು ಕೂಡಿಸಿದರು. ದಶಕಗಳಿಂದ ಬೇರೂರಿದ್ದ ಗ್ರಂಥಾಲಯ ಚಳವಳಿ, 1960ರ ದಶಕದಿಂದ ಬೆಳೆದ ಫಿಲ್ಮ್ ಸೊಸೈಟಿಗಳು ಕೇರಳದಲ್ಲಿ ಇಲ್ಲದಿದ್ದರೆ ಇದು ಬಹುಶಃ ಕೈಗೂಡುತ್ತಿರಲಿಲ್ಲ.

ಹೀಗೆ ರೂಪುಗೊಂಡ 'ಅಮ್ಮ ಅರಿಯಾನ್' (1986) ಜಾನ್ ಅವರೇ ಬರೆದು ನಿರ್ದೇಶಿಸಿದ ಕಪ್ಪುಬಿಳುಪು ಚಿತ್ರ. ದೆಹಲಿಗೆ ಹೊರಟ ಪುರುಷನ್ ಎಂಬ ಯುವಕ ವಯನಾಡಿನ ದಾರಿಯಲ್ಲಿ ನೇಣಿಗೆ ಬಿದ್ದ ಹೆಣವೊಂದನ್ನು ಕಾಣುತ್ತಾನೆ. ಅದು ತಬಲಾ ವಾದಕ ಹರಿಯದೆಂದು ವಿಚಾರಿಸುತ್ತ ಹೋದಂತೆ ಗುರುತಾಗುತ್ತದೆ. ಕೊಚ್ಚಿಯಲ್ಲಿರುವ ಹರಿಯ ತಾಯಿಗೆ ಸುದ್ದಿ ಮುಟ್ಟಿಸಲು ಹೊರಟವನ ಜೊತೆಗೆ ಸತ್ತವನ ಗೆಳೆಯರು ಒಬ್ಬೊಬ್ಬರಾಗಿ ಸೇರುತ್ತಾರೆ. ಒಬ್ಬೊಬ್ಬರೂ ತಮ್ಮ ತಮ್ಮ ತಾಯಿಗೆ ಹೇಳಿ ಹೊರಡುತ್ತಾರೆ. ಪುರುಷನ್ ತನ್ನ ತಾಯಿಗೆ ಬರೆಯುವ ಪತ್ರವಾಗಿ ಕಥೆ ನಿರೂಪಿತವಾಗಿದೆ. ನಡುನಡುವೆ ಕೇರಳದ ಜನಹೋರಾಟಗಳ ದೃಶ್ಯಗಳು ಸಾಕ್ಷ್ಯಚಿತ್ರದ ರೀತಿಯಲ್ಲಿ ಬಂದುಹೋಗುತ್ತವೆ. ನಕ್ಸಲ್ ಚಳವಳಿ ಕುಸಿದ ಮೇಲೆ ಉಳಿದ ಯುವಕರ ಸೋಲನ್ನು, ಅವರನ್ನು ಕಳೆದುಕೊಂಡ ತಾಯಂದಿರನ್ನು ಎದುರುಬದುರು ನಿಲ್ಲಿಸಿದ್ದು ಈ ಚಿತ್ರದ ದೊಡ್ಡ ಸಾಧನೆ. ಪುರುಷನ್ ಪಾತ್ರ ಜಾಯ್ ಮ್ಯಾಥ್ಯೂ ಅವರದು, ಛಾಯಾಗ್ರಹಣ ವೇಣು ಅವರದು, ಸಂಕಲನ ಬೀನಾ ಅವರದು.

ಸಿದ್ಧವಾದ ಚಿತ್ರವನ್ನು ಒಡೆಸ್ಸಾ ಟಿಕೆಟ್ಟಿಲ್ಲದೆ ಊರೂರುಗಳಲ್ಲಿ ತೋರಿಸಿತು. ಹಣ ಕೊಟ್ಟವನೂ ಚಿತ್ರ ನೋಡುವವನೂ ಒಬ್ಬನೇ ಆದದ್ದರಿಂದ ಲಾಭನಷ್ಟದ ಮಾತೇ ಹಿಂದೆ ಸರಿಯಿತು.

ಮೌಲ್ಯಮಾಪನ

ಜಾನ್ ಅವರ ಅಲೆಮಾರಿ ಬದುಕು ಮತ್ತು ಕುಡಿತವನ್ನು ಕುರಿತ ಕಥೆಗಳು ಕೇರಳದಲ್ಲಿ ಇವರ ಚಿತ್ರಗಳಿಗಿಂತ ಹೆಚ್ಚು ಹರಡಿವೆ. ಅವು ಕಲಾವಿದನನ್ನು ಮರೆಮಾಡಿವೆ ಎನ್ನದೆ ವಿಧಿಯಿಲ್ಲ. ಇವರ ಚಿತ್ರಗಳಲ್ಲಿ ಲಯ ಅಲ್ಲಲ್ಲಿ ಸಡಿಲವಾಗುತ್ತದೆ. 'ಅಮ್ಮ ಅರಿಯಾನ್' ಕೂಡ ಇದಕ್ಕೆ ಹೊರತಲ್ಲ. ಇವರ ನಿಧನಾನಂತರ ಒಡೆಸ್ಸಾ ಸತ್ಯನ್ ಸಾಕ್ಷ್ಯಚಿತ್ರಗಳ ಮೂಲಕ ಕೂಟದ ಕೆಲಸವನ್ನು ಮುಂದುವರಿಸಿದರು. ಆದರೆ ಜನರ ಹಣದಿಂದ ಕಥಾಚಿತ್ರ ತೆಗೆಯುವ ಆ ಪದ್ಧತಿ ಅದೇ ಪ್ರಮಾಣದಲ್ಲಿ ಮತ್ತೆ ಬೇರೂರಲಿಲ್ಲ. ಸ್ವತಂತ್ರ ಸಿನಿಮಾ ಎಂಬುದು ಶೈಲಿಯ ಪ್ರಶ್ನೆಯಾಗುವ ಮೊದಲು ಹಣ ಯಾರದು ಎಂಬ ಪ್ರಶ್ನೆ ಎಂದು ಮಾಡಿ ತೋರಿಸಿದ್ದೇ ಜಾನ್ ಅಬ್ರಹಾಂ ಅವರ ಮುಖ್ಯ ಕೊಡುಗೆ.