ಗಾಜಿಗೆ ಅಂಟಿದ ‘ಕ್ಲೀನರ್’: ಸಕ್ಕರ್ ಮೀನಿನ ಕತೆ

ಬರ್ ದುಬೈಯಲ್ಲಿ ಅಕ್ವೇರಿಯಂ ಇಟ್ಟವರ ಫ್ಲ್ಯಾಟಿಗೆ ಹೋದರೆ, ಗಾಜಿಗೆ ಬಾಯಿ ಅಂಟಿಸಿಕೊಂಡು ಅಲ್ಲಾಡದೆ ಕೂತ ಒಂದು ಕಂದು ಮೀನು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತೆ. ಗೋಲ್ಡ್‌ಫಿಶ್‌ಗೆ ಮಕ್ಕಳು ಹೆಸರಿಡ್ತಾರೆ, ಇದಕ್ಕೆ ಇಡೋದಿಲ್ಲ. “ಅದಾ? ಅದು ಕ್ಲೀನರ್” ಅಂತಾರೆ. ಸತ್ವಾದ ಪ್ಲಾಂಟ್ ಸ್ಟ್ರೀಟಿನ ಅಂಗಡಿಯಲ್ಲೋ ವರ್ಸಾನಿನ ಪೆಟ್ ಮಾರ್ಕೆಟ್ಟಿನಲ್ಲೋ ಬೆರಳುದ್ದದ ಮರಿ ತಂದು ಬಿಟ್ಟರೆ ಪಾಚಿಯೆಲ್ಲ ತಿಂದು ತೊಟ್ಟಿಯನ್ನು ಅದೇ ತೊಳೆದಿಡುತ್ತೆ ಅನ್ನೋ ನಂಬಿಕೆ. (ಪಾಚಿ ಅಂದ್ರೆ ಆಲ್ಗೆ. ಮಳೆಗಾಲದಲ್ಲಿ ಊರಿನ ಅಂಗಳದಲ್ಲಿ ಕಾಲು ಜಾರಿಸುತ್ತಲ್ಲ, ಅದೇ ಹಸಿರು.)

ಈ ಕ್ಲೀನರ್ ಅನ್ನೋ ಪಟ್ಟವೇ ಮೀನಿಗೆ ಮುಳುವಾಯ್ತು ಅಂತ ನನಗನ್ನಿಸುತ್ತೆ. ಆ ಪಟ್ಟ ಬಂದಿದ್ದು ಎಲ್ಲಿಂದ ಅಂತ ನೋಡೋಣ.

ಮೊದಲು ಮೀನಿನ ಊರು. ದಕ್ಷಿಣ ಅಮೆರಿಕದ ಸುರಿನಾಮ್ ಆಗ ಡಚ್ಚರ ವಸಾಹತು. ಅಲ್ಲಿಂದ ಸ್ಪಿರಿಟ್ ಬಾಟಲಿಗಳಲ್ಲಿ, ಒಣಗಿಸಿದ ತೊಗಲಿನ ರೂಪದಲ್ಲಿ ವಿಚಿತ್ರ ಪ್ರಾಣಿಗಳು ಯೂರೋಪಿನ ಸಿರಿವಂತರ ಸಂಗ್ರಹಗಳಿಗೆ ಬರ್ತಿದ್ದವು. 1758ರಲ್ಲಿ ಲಿನೇಯಸ್ ಇಂಥ ಒಂದು ಮೀನಿಗೆ ‘ಅಸಿಪೆನ್ಸರ್ ಪ್ಲೆಕೊಸ್ಟೊಮಸ್’ ಅಂತ ಹೆಸರಿಟ್ಟ. ಅಸಿಪೆನ್ಸರ್ ಅಂದ್ರೆ ಸ್ಟರ್ಜನ್, ಕ್ಯಾವಿಯರ್ ಕೊಡುವ ಮೀನು! ಮೈಮೇಲೆ ಮೂಳೆಯ ಕವಚ, ಕೆಳಗೆ ಬಾಯಿ, ಎರಡೂ ಹೋಲುತ್ತವಲ್ಲ. ಆಮೇಲೆ ಇದು ಮೀಸೆಮೀನುಗಳ, ಅಂದ್ರೆ ನಮ್ಮ ಚೇಳುಮೀನಿನ ದೂರದ ಬಳಗ ಅಂತ ತಿಳಿಯಿತು. ಲಿನೇಯಸ್ ಕೊಟ್ಟ ಕುಲ ಹೋಯಿತು, ‘ಪ್ಲೆಕೊಸ್ಟೊಮಸ್’ ಉಳಿಯಿತು. ಗ್ರೀಕಿನಲ್ಲಿ ಮಡಿಕೆಯ ಬಾಯಿ ಅಂತ ಅರ್ಥ. ಅಂಗಡಿಯವರ ‘ಪ್ಲೆಕೊ’ ಅದರದೇ ತುಂಡು.

ತಮಾಷೆ ಅಂದ್ರೆ, ಈಗ ಅಂಗಡಿಯಲ್ಲಿ ಪ್ಲೆಕೊ ಅಂತ ಸಿಗೋದು ಹೆಚ್ಚಾಗಿ ಲಿನೇಯಸ್‌ನ ಮೀನೇ ಅಲ್ಲ. ಅದು ಟೆರಿಗೊಪ್ಲಿಕ್ತಿಸ್ ಅನ್ನೋ ಇನ್ನೊಂದು ಕುಲದ್ದು. ಬೆನ್ನಿನ ರೆಕ್ಕೆ ಹಾಯಿಯ ಥರ ಎತ್ತರ, ಅದರೊಳಗಿನ ಕಡ್ಡಿಗಳು ಹತ್ತರ ಆಸುಪಾಸು ಅಥವಾ ಇನ್ನೂ ಜಾಸ್ತಿ. ಹಳೆಯ ಪ್ಲೆಕೊಗೆ ಏಳೆಂಟೇ. ರೆಕ್ಕೆ ಬಿಡಿಸಿ ನಿಂತಾಗ ಮಕ್ಕಳ ಕೈಲಿ ಎಣಿಸಿ ನೋಡಿ.

ಇನ್ನು ಕ್ಲೀನರ್ ಪಟ್ಟ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪ್ರಯೋಗದ ವರದಿ ಕೊಟ್ಟ. ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಒಂದು ನೀರುಗಿಡ. ಗಿಡ ಆಮ್ಲಜನಕ ಕೊಡುತ್ತೆ, ಮೀನು ಗಿಡಕ್ಕೆ ಗೊಬ್ಬರ ಕೊಡುತ್ತೆ, ನೀರು ಬದಲಾಯಿಸೋದೇ ಬೇಡ ಅನ್ನೋ ಲೆಕ್ಕ. ಆದ್ರೆ ಎಲೆ ಕೊಳೆಯಿತು, ಗಾಜಿಗೆ ಹಸಿರು ಕಟ್ಟಿತು. ಆಗ ಅವನು ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯ್ತು. 1853ರಲ್ಲಿ ಲಂಡನ್ ಝೂ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು, 1854ರಲ್ಲಿ ಫಿಲಿಪ್ ಗಾಸ್‌ನ ‘ದಿ ಅಕ್ವೇರಿಯಂ’ ಬಂತು, ಮನೆಮನೆಗೂ ಗಾಜಿನ ತೊಟ್ಟಿಯ ಹುಚ್ಚು ಹಿಡಿಯಿತು. ತೊಟ್ಟಿಯೊಳಗೆ ಒಬ್ಬ ‘ಜಾಡಮಾಲಿ’ ಇರಬೇಕು ಅನ್ನೋ ಯೋಚನೆಯ ಬೇರು ಆ ಬಸವನಹುಳುವಿನಲ್ಲಿದೆ. ಇಪ್ಪತ್ತನೇ ಶತಮಾನದಲ್ಲಿ ಹುಳುವಿನ ಕೆಲಸ ಸಕ್ಕರ್ ಮೀನಿನ ತಲೆಗೆ ಬಿತ್ತು.

ಅದು ಪಾಚಿ ತಿನ್ನುತ್ತೆ, ಸುಳ್ಳಲ್ಲ. ಆದ್ರೆ ತಿಂದದ್ದು ಎಲ್ಲಿಗೆ ಹೋಗಬೇಕು? ಹಿಂದಿನಿಂದ ಉದ್ದದ ದಾರದ ಹಾಗೆ ಬರುತ್ತೆ. ತಿನ್ನೋದು ಜಾಸ್ತಿ, ಹೇಲೋದೂ ಜಾಸ್ತಿ. ಬೆರಳುದ್ದದ ಮರಿ 40 ಸೆಂಟಿಮೀಟರ್ ದಾಟುತ್ತೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತೆ. ಅದಕ್ಕೆ 400–500 ಲೀಟರಿನ ತೊಟ್ಟಿ ಬೇಕು, ಸ್ಟಡಿ ಟೇಬಲ್ ಮೇಲಿನ 60 ಲೀಟರಿನದ್ದಲ್ಲ. ಫ್ಲ್ಯಾಟಿಗೆ ಹೊಂದೋದು ಅದರ ಚಿಕ್ಕ ನೆಂಟ ಆನ್ಸಿಸ್ಟ್ರಸ್, ಅಂಗಡಿಯಲ್ಲಿ ‘ಬ್ರಿಸಲ್‌ನೋಸ್’ ಅಂತ ಕೇಳಿ. ಗೇಣುದ್ದವೂ ಆಗೋದಿಲ್ಲ, ಗಂಡಿನ ಮೂತಿ ತುಂಬ ಪೊದೆಯಂಥ ಮೀಸೆ.

ಎರಡರ ಆರೈಕೆಯೂ ಒಂದೇ. ಬರೀ ಪಾಚಿಯಲ್ಲಿ ಹೊಟ್ಟೆ ತುಂಬೋದಿಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ ಸೌತೆಕಾಯಿಯ ಹೋಳು ಹಾಕಿ, ಬೆಳಿಗ್ಗೆ ಉಳಿದದ್ದನ್ನು ತೆಗೀರಿ. ಕರಾಮದ ಅಂಗಡಿಯಲ್ಲಿ ಸಿಗುವ ನಮ್ಮ ಮಂಗಳೂರು ಸೌತೆಯನ್ನೂ ಸ್ವಲ್ಪ ಬೇಯಿಸಿ ಕೊಡಬಹುದು, ಹುಳಿಗೆ ಹಾಕಿ ಉಳಿದ ತುಂಡು ಸಾಕು. ಉಪ್ಪು-ಖಾರ ಬೇಡ ಅಂತ ಹೇಳಬೇಕಾಗಿಲ್ಲ. ಕೆರೆಯೋಕೆ ಒಂದು ಮರದ ತುಂಡು, ಹಗಲು ಅಡಗೋಕೆ ಒಂದು ಗೂಡು. ಒಮ್ಮೊಮ್ಮೆ ಸರ್ರಂತ ಮೇಲೆ ಹೋಗಿ ಗಾಳಿ ನುಂಗಿ ಬರುತ್ತೆ. ಹೆದರಬೇಡಿ, ಅದರ ಹೊಟ್ಟೆಗೆ ಗಾಳಿಯಿಂದ ಆಮ್ಲಜನಕ ಹೀರೋ ಶಕ್ತಿಯಿದೆ. ಪದೇ ಪದೇ ಹೋದರೆ ಮಾತ್ರ ನೀರು ಕೆಟ್ಟಿದೆ ಅಂತ ತಿಳೀರಿ.

ನೀರು ಅಂದಾಗ ದುಬೈಯ ವಿಷಯ ಬೇರೆಯೇ. ಇಲ್ಲಿ ನದಿಯಿಲ್ಲ. ಬರ್ ದುಬೈಯ ಪಕ್ಕದ ಕ್ರೀಕ್ ಸಮುದ್ರದ ಉಪ್ಪು ತೋಳು. ಹಿಂದೆ ಬಾವಿಯ ನೀರು ಕತ್ತೆಗಳ ಬೆನ್ನೇರಿ ಮನೆಬಾಗಿಲಿಗೆ ಬರ್ತಿತ್ತು. 1961ರಲ್ಲಿ ನೀರಿನ ಇಲಾಖೆ ಆಯ್ತು, ಅದು 1992ರಲ್ಲಿ ವಿದ್ಯುತ್ ಕಂಪನಿಯ ಜೊತೆ ಸೇರಿ ‘ದೇವಾ’ ಆಯ್ತು. ಈಗ ನಲ್ಲಿಯಲ್ಲಿ ಬರೋದು ಉಪ್ಪು ತೆಗೆದ ಸಮುದ್ರದ ನೀರು. ಅಮೆಜಾನಿನ ಮೀನು ಕೊಲ್ಲಿಯ ನೀರಿನಲ್ಲಿ ಉಸಿರಾಡ್ತಿದೆ!

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತೆ, ಅದನ್ನು ಹೋಗಲಾಡಿಸುವ ಹನಿ ಹಾಕದೆ ತೊಟ್ಟಿಗೆ ಸುರಿಯಬಾರದು. ಜುಲೈಯಲ್ಲಿ ‘ತಣ್ಣೀರು’ ನಲ್ಲಿಯಿಂದಲೂ ಸುಡುನೀರೇ ಬರುತ್ತೆ. ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ಹಿಡಿದು ಎಸಿ ರೂಮಿನಲ್ಲಿಟ್ಟು ಆರಿಸಿ. ಇದಕ್ಕಿಂತ ಅಪಾಯ ರಜೆಯದ್ದು. ಎಲ್ಲರೂ ಊರಿಗೆ ಹೊರಡ್ತೀವಿ, ಬಿಲ್ ಉಳಿಸೋಕೆ ಎಸಿ ಆರಿಸ್ತೀವಿ. ಬಾಗಿಲು ಹಾಕಿದ ಫ್ಲ್ಯಾಟು ಕಾದಂತೆ ತೊಟ್ಟಿಯೂ ಕಾಯುತ್ತೆ, ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. 24ರಿಂದ 28 ಡಿಗ್ರಿ ಬೇಕಾದ ಮೀನಿಗೆ ಅದು ಸಾವು. ಎಸಿ ಹಾಕೇ ಹೋಗಿ, ಇಲ್ಲವೇ ಪಕ್ಕದ ಮನೆಯವರ ಕೈಗೆ ಮೀನು ಕೊಟ್ಟು ಹೋಗಿ.

ಇನ್ನು ವಾಪಸ್ ಬಾರದ ಪ್ರಯಾಣ. ಕೆಲಸ ಹೋಯ್ತು, ವೀಸಾ ಮುಗೀತು, ಮಕ್ಕಳ ಕಾಲೇಜು ಬಂತು. ಸೋಫಾ ಮಾರ್ತೀವಿ, ಟೀವಿ ಮಾರ್ತೀವಿ. ಮೊಳದುದ್ದದ ಈ ಮೀನನ್ನು? “ಪಾಪ, ಎಲ್ಲಾದರೂ ನೀರಿಗೆ ಬಿಟ್ಟುಬಿಡೋಣ” ಅನ್ನೋದು ಸುಲಭದ ದಾರಿ. ಪುಣ್ಯದ ಕೆಲಸ ಅಂತಲೂ ಅನ್ನಿಸುತ್ತೆ. ಲೋಕದ ಎಷ್ಟೋ ನದಿಗಳು ಹಾಳಾಗಿದ್ದು ಈ ಪಾಪ-ಪುಣ್ಯದಿಂದ, ಜೊತೆಗೆ ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡ ಮೀನುಗಳಿಂದ. ಆಂಧ್ರದ ಮೀನುಗಾರರ ಬಲೆಗೆ ಇದು ರಾಶಿ ರಾಶಿ ಬಿದ್ದು, ಮುಳ್ಳಿನಿಂದ ಬಲೆ ಹರಿಯುತ್ತೆ. ಅವರು ಕರೆಯೋದು ‘ದೆಯ್ಯಂ ಚೇಪ’, ದೆವ್ವದ ಮೀನು ಅಂತ. 2020ರಲ್ಲಿ ವಾರಾಣಸಿಯ ಗಂಗೆಯಲ್ಲಿ ಸಿಕ್ಕಿತು. ಬಾಂಗ್ಲಾದೇಶ 2023ರಲ್ಲಿ ನಿಷೇಧಿಸಿತು. ಇದು ದಂಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತೆ, ಗಂಡು ಕಾವಲಿರುತ್ತೆ. ಒಳ್ಳೆಯ ಅಪ್ಪ, ಆದ್ರೆ ದಂಡೆ ಕುಸಿಯುತ್ತೆ.

ದುಬೈಯಲ್ಲಿ ನದಿಯೇ ಇಲ್ಲ, ಬಿಟ್ಟರೇನು ಅಂತೀರಾ? ವಾದಿಗಳಿವೆ. ಅಂದ್ರೆ ಬೆಟ್ಟದ ಹಳ್ಳಗಳು, ಮಳೆ ಬಂದಾಗ ಹರಿದು ಆಮೇಲೆ ಗುಂಡಿಗಳಾಗಿ ಉಳಿಯುವಂಥವು. ಹತ್ತಾ ಇರುವ ಹಜರ್ ಬೆಟ್ಟಗಳ ಇಂಥ ನೀರಿನಲ್ಲಿ ಬೆರಳುದ್ದದ ಒಂದು ಮೀನಿದೆ, ‘ಗರ್ರಾ ಬರೈಮಿಯೆ’. ಅಲ್ ಐನ್‌ಗೆ ತಾಗಿದ ಬುರೈಮಿಯ ಹೆಸರು ಅದಕ್ಕೆ, ಇಟ್ಟದ್ದು 1956ರಲ್ಲಿ. ಇದೂ ಕಲ್ಲಿನ ಪಾಚಿ ಕೆರೆದು ತಿನ್ನುತ್ತೆ, ಆದ್ರೆ ಅಂಟಿಕೊಳ್ಳುವ ಬಿಲ್ಲೆ ಇರೋದು ಕೆಳತುಟಿಯ ಹಿಂದೆ, ಗಲ್ಲದಲ್ಲಿ. ಸಕ್ಕರ್ ಮೀನಿಗೆ ಇದು ನೆಂಟನಲ್ಲ, ರೋಹು-ಕಾಟ್ಲಾದ ಬಳಗ. ಹರಿಯುವ ನೀರಿನಲ್ಲಿ ಕಲ್ಲು ಹಿಡಿದು ನಿಲ್ಲೋ ಉಪಾಯವನ್ನು ಎರಡು ಖಂಡಗಳಲ್ಲಿ ಎರಡು ಕುಲಗಳು ಬೇರೆ ಬೇರೆಯಾಗಿ ಕಂಡುಕೊಂಡವು. ಅಷ್ಟು ಸಣ್ಣ ಗುಂಡಿಗೆ ಮೊಳದುದ್ದದ, ಮುಳ್ಳಿನ, ಅದೇ ಪಾಚಿ ತಿನ್ನುವ ಮೀನು ಬಿದ್ದರೆ ಗರ್ರಾ ಎಲ್ಲಿಗೆ ಹೋಗಬೇಕು?

ಆದ್ದರಿಂದ ಹೊರಡುವ ತಿಂಗಳು ಮುಂಚೆಯೇ ಅಂಗಡಿಯವರನ್ನೋ, ದೊಡ್ಡ ತೊಟ್ಟಿಯಿರುವ ಗೆಳೆಯರನ್ನೋ ಕೇಳಿ. ಸಾಗಿಸುವಾಗ ಪ್ಲಾಸ್ಟಿಕ್ ಚೀಲ ಬೇಡ, ಮುಳ್ಳು ಚುಚ್ಚಿ ಸೋರುತ್ತೆ. ಮುಚ್ಚಳದ ಡಬ್ಬಿ ಒಳ್ಳೆಯದು.

ಊರಿಗೆ ಹೋದಾಗ ತುಂಗೆಯ ದಂಡೆಗೂ ಹೋಗಿ. ಅಲ್ಲಿಯೂ ಒಂದು ಗರ್ರಾ ಇದೆ. 1920ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್, ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರು. ಅವರಿಟ್ಟ ಹೆಸರು ‘ಗರ್ರಾ ಬೈಕಾರ್ನ್ಯೂಟ’, ಎರಡು ಕೊಂಬಿನ ಗರ್ರಾ.