ಲೀವೊಡೋಪ: ವಾಂತಿಯಿಂದ ಸಿಕ್ಕ ಸುಳಿವು

1913ರಲ್ಲಿ ಸ್ವಿಟ್ಜರ್‌ಲೆಂಡಿನ ರಸಾಯನ ವಿಜ್ಞಾನಿ ಮಾರ್ಕಸ್ ಗುಗನ್‌ಹೈಮ್ ಅವರೆ ಜಾತಿಯ ಒಂದು ಗಿಡದಿಂದ ಹೊಸ ವಸ್ತುವೊಂದನ್ನು ಬೇರ್ಪಡಿಸಿದರು. ಅದರ 2.5 ಗ್ರಾಂ ಅನ್ನು ತಾವೇ ನುಂಗಿ ನೋಡಿದರು, ವಿಪರೀತ ವಾಂತಿಯಾಯಿತು. ಆ ವಸ್ತುವೇ ಲೀವೊಡೋಪ, ಪಾರ್ಕಿನ್ಸನ್ ಕಾಯಿಲೆಗೆ ಇಂದಿಗೂ ಮುಖ್ಯವಾದ ಔಷಧಿ. ಅಡ್ಡಪರಿಣಾಮ ಮೊದಲು ತಿಳಿಯಿತು, ಗುಣ ತಿಳಿಯಲು ನಾಲ್ಕು ದಶಕಗಳೇ ಬೇಕಾದವು! (ನಮ್ಮ ನಸುಗುನ್ನಿ ಬೀಜದಲ್ಲೂ ಇದು ಇದೆ. ಹಾಗೆಂದು ಬೀಜ ಅಗಿಯಲು ಹೊರಡಬೇಡಿ. ಅದರ ಪ್ರಮಾಣ ಬೀಜದಿಂದ ಬೀಜಕ್ಕೆ ಬೇರೆ.)

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಸರ್ಪಗಂಧಿಯಲ್ಲಿರುವ ರಿಸರ್ಪಿನ್ ಅನ್ನು ಮೊಲಗಳಿಗೆ ಕೊಟ್ಟರು. ಅವು ಮಿಸುಕದೆ ಬಿದ್ದವು. ಡೋಪ ಚುಚ್ಚಿದಾಗ ಮತ್ತೆ ಚೇತರಿಸಿಕೊಂಡವು. 1960ರಲ್ಲಿ ವಿಯೆನ್ನಾದಲ್ಲಿ ಹಾರ್ನಿಕೀವಿಕ್ಸ್ ಮತ್ತು ಎಹ್ರಿಂಗರ್, ಪಾರ್ಕಿನ್ಸನ್‌ನಿಂದ ಸತ್ತವರ ಮಿದುಳಿನಲ್ಲಿ ಡೋಪಮಿನ್ ತೀರಾ ಕಡಿಮೆ ಇರುವುದನ್ನು ತೋರಿಸಿದರು. ಡೋಪಮಿನ್ ರಕ್ತದಿಂದ ಮಿದುಳಿಗೆ ದಾಟಲಾರದು. ಲೀವೊಡೋಪ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ.

1967ರಲ್ಲಿ ಅಮೆರಿಕದ ಜಾರ್ಜ್ ಕಾಟ್ಜಿಯಸ್ ಇದನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ, ನಿಧಾನವಾಗಿ ದಿನಕ್ಕೆ ಹಲವು ಗ್ರಾಂಗಳವರೆಗೆ ಏರಿಸಿದರು. ಅನೇಕ ರೋಗಿಗಳು ಗಮನಾರ್ಹವಾಗಿ ಸುಧಾರಿಸಿದರು. ಆದರೆ ಕೆಲವರಲ್ಲಿ ಬಿಳಿ ರಕ್ತಕಣಗಳು ಕುಸಿದವು. ಭೌತವಿಜ್ಞಾನದ ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಪಾಠವೊಂದಿದೆ. ಅವರು ಬಳಸಿದ್ದು ಎರಡು ಬಗೆಯ ಅಣುಗಳ ಮಿಶ್ರಣ. ಇವು ಒಂದಕ್ಕೊಂದು ಕನ್ನಡಿಯ ಬಿಂಬಗಳು. ಧ್ರುವೀಕೃತ ಬೆಳಕನ್ನು ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗಿಸುತ್ತದೆ. ಕೆಲಸಕ್ಕೆ ಬರುವುದು ಎಡದ್ದು ಮಾತ್ರ. 'ಲೀವೊ' ಎಂದರೆ ಎಡ. ಅದನ್ನಷ್ಟೇ ಕೊಟ್ಟಾಗ ಪ್ರಮಾಣ ಇಳಿಯಿತು, ರಕ್ತದ ತೊಂದರೆ ತಪ್ಪಿತು.

ವಾಂತಿ ಮಾತ್ರ ಉಳಿಯಿತು. ಕಾರಣವೇನು? ಕರುಳು, ಯಕೃತ್ತುಗಳಲ್ಲಿರುವ ಕಿಣ್ವವು ಔಷಧಿಯ ಬಹುಪಾಲನ್ನು ದಾರಿಯಲ್ಲೇ ಡೋಪಮಿನ್ ಮಾಡಿಬಿಡುತ್ತಿತ್ತು. ವಾಂತಿಯನ್ನು ಪ್ರಚೋದಿಸುವ ಮಿದುಳಿನ ಭಾಗಕ್ಕೆ ರಕ್ತದ ತಡೆ ಇಲ್ಲ. ಅಲೆಯುವ ಡೋಪಮಿನ್ ಅಲ್ಲಿಗೆ ತಲಪುತ್ತಿತ್ತು. ಅಂದರೆ ವಾಂತಿಯು ಔಷಧಿ ತಪ್ಪು ಜಾಗದಲ್ಲಿ ಖರ್ಚಾಗುತ್ತಿದೆ ಎಂಬ ಸೂಚನೆ. ಮಿದುಳಿಗೆ ದಾಟದೆ ಹೊರಗಷ್ಟೇ ಆ ಕಿಣ್ವವನ್ನು ತಡೆಯುವ ಕಾರ್ಬಿಡೋಪವನ್ನು ಜೊತೆಗೂಡಿಸಿದಾಗ ಸುಮಾರು ಕಾಲು ಭಾಗ ಲೀವೊಡೋಪ ಸಾಕಾಯಿತು. ಆ ಮಾತ್ರೆಯ ಒಂದು ವ್ಯಾಪಾರೀ ಹೆಸರು ಸಿನೆಮೆಟ್. 'ವಾಂತಿ ಇಲ್ಲದ್ದು' ಎಂದರ್ಥ.

ಮಿದುಳಿನೊಳಗೇ ಹುಟ್ಟುವ ತೊಂದರೆಗಳಿಗೆ ಇದು ಮದ್ದಲ್ಲ. ವರ್ಷಗಳು ಕಳೆದಂತೆ ಅನೇಕರಲ್ಲಿ ಕೈಕಾಲು ತಾವಾಗಿಯೇ ಹೊರಳಾಡುತ್ತವೆ. ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ. ಎದ್ದು ನಿಂತಾಗ ರಕ್ತದೊತ್ತಡ ಇಳಿಯಬಹುದು, ಆದ್ದರಿಂದ ನಿಧಾನವಾಗಿ ಏಳಬೇಕು. ಪ್ರೋಟೀನು ಹೆಚ್ಚಿರುವ ಊಟದ ಅಮೈನೊ ಆಮ್ಲಗಳು ಲೀವೊಡೋಪದ ಜೊತೆ ಒಂದೇ ಬಾಗಿಲಿಗೆ ಮುಗಿಬೀಳುತ್ತವೆ. ಬೇಳೆ, ಮೊಟ್ಟೆ ಉಂಡ ದಿನ ಅಜ್ಜನ ಮಾತ್ರೆ 'ಹಿಡಿಯಲಿಲ್ಲ' ಎನಿಸಿದರೆ ಅಚ್ಚರಿಯಿಲ್ಲ. ಆಗ ಮಾತ್ರೆಯ ವೇಳೆ ಬದಲಿಸಲು ವೈದ್ಯರನ್ನು ಕೇಳಿ. ಬೇಸತ್ತು ಒಮ್ಮೆಗೇ ನಿಲ್ಲಿಸಿದರೆ ತೀವ್ರ ಜ್ವರ, ಮೈ ಸೆಟೆತ, ಗೊಂದಲ ಬಂದು ಪ್ರಾಣಕ್ಕೇ ಅಪಾಯವಾಗಬಹುದು.